ಮೊದಲು ಅಪ್ಪನ ರಕ್ತ, ಆಮೇಲೆ ಮಕ್ಕಳದ್ದು

ಪ್ರಶ್ನೆ: ನನಗೆ 27 ವರ್ಷ, ಹಾಸನ ಜಿಲ್ಲೆಯವನು. ಅಪ್ಪನಿಗೆ 54. ಅವರ ಎರಡೂ ಕಿಡ್ನಿಗಳಲ್ಲಿ ತುಂಬ ನೀರುಗುಳ್ಳೆಗಳಿವೆ, ಪಾಲಿಸಿಸ್ಟಿಕ್ ಕಿಡ್ನಿ ಎಂದಿದ್ದಾರೆ. ಆರು ತಿಂಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ಅಪ್ಪನ ತಾಯಿ ತೀರಿಕೊಂಡದ್ದೂ ಇದೇ ಕಾಯಿಲೆಯಿಂದ. ಅಕ್ಕನಿಗೆ 31 ವರ್ಷ, ಒಂದು ಮಗು ಇದೆ. ತಾನೇ ಕಿಡ್ನಿ ಕೊಡುತ್ತೇನೆ ಎನ್ನುತ್ತಿದ್ದಾಳೆ. ನನಗೆ ಸೋದರತ್ತೆಯ ಮಗಳ ಜೊತೆ ಮದುವೆ ಮಾತಾಗಿದೆ. ನಾನು ಜೀನ್ ಪರೀಕ್ಷೆ ಮಾಡಿಸಬೇಕೆ? ಈ ಕಾಯಿಲೆಯ ಜೀನನ್ನು ವಿಜ್ಞಾನಿಗಳು 1994ರಲ್ಲೇ ಪತ್ತೆಹಚ್ಚಿದರು ಎಂದು ಓದಿದೆ. ಇಷ್ಟು ವರ್ಷವಾದರೂ ವಾಸಿಮಾಡುವ ಔಷಧಿ ಯಾಕೆ ಬಂದಿಲ್ಲ?

ಉತ್ತರ: ಪರೀಕ್ಷೆ ಮಾಡಿಸಬಹುದು, ಆದರೆ ನಿಮ್ಮಿಂದ ಶುರು ಮಾಡಬೇಡಿ. ಮೊದಲು ಅಪ್ಪನ ರಕ್ತ ಲ್ಯಾಬಿಗೆ ಹೋಗಲಿ. ಈ ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಕೈಗೆ ಬರುವ ವರದಿಯಿಂದ ಏನೂ ತೀರ್ಮಾನವಾಗುವುದಿಲ್ಲ. ಯಾಕೆ ಎನ್ನುವುದಕ್ಕೆ ನೀವು ಓದಿದ 1994ರ ಸಂಶೋಧನೆಯಲ್ಲೇ ಉತ್ತರವಿದೆ.

ಅಜ್ಜಿ, ಅಪ್ಪ ಇಬ್ಬರಿಗೂ ಬಂದಿರುವುದನ್ನು ನೋಡಿದರೆ ನಿಮ್ಮ ಮನೆಯದು ದೊಡ್ಡವರಲ್ಲಿ ಕಾಣಿಸಿಕೊಳ್ಳುವ, ಪ್ರಬಲ ರೀತಿಯಲ್ಲಿ ಹರಿದುಬರುವ ಪಾಲಿಸಿಸ್ಟಿಕ್ ಕಾಯಿಲೆ. ಪ್ರತಿ ಜೀನೂ ನಮ್ಮಲ್ಲಿ ಜೋಡಿಯಾಗಿರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಈ ಕಾಯಿಲೆ ಬರಲು ಆ ಎರಡರಲ್ಲಿ ಒಂದು ಕೆಟ್ಟಿದ್ದರೆ ಸಾಕು. ಹಾಗಾಗಿ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಅಕ್ಕನಿಗೂ ಅರ್ಧಕ್ಕರ್ಧ. ‘ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ’ ಎಂದು ಇದರ ಅರ್ಥವಲ್ಲ. ಇಬ್ಬರಿಗೂ ಬಂದಿರಬಹುದು, ಇಬ್ಬರೂ ತಪ್ಪಿಸಿಕೊಂಡಿರಬಹುದು. ಅಕ್ಕನ ಫಲಿತಾಂಶ ನೋಡಿ ನಿಮ್ಮದನ್ನು ಊಹಿಸಲು ಬರುವುದಿಲ್ಲ.

ಈಗ ಜೀನಿನ ಕಥೆ. 1985ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ಟೀಫನ್ ರೀಡರ್ಸ್ ಮತ್ತು ಸಂಗಡಿಗರು ಈ ಕಾಯಿಲೆಯ ಬೇರು 16ನೇ ವರ್ಣತಂತುವಿನ ತುದಿಯಲ್ಲಿ, ಹಿಮೋಗ್ಲೋಬಿನ್ನಿನ ಆಲ್ಫಾ ಜೀನಿನ ಆಸುಪಾಸಿನಲ್ಲಿ ಇದೆ ಎಂದು ತೋರಿಸಿದರು. ಬೀದಿ ಸಿಕ್ಕಿತು, ಮನೆ ಸಿಗಲು ಮತ್ತೆ ಒಂಬತ್ತು ವರ್ಷ ಹಿಡಿಯಿತು. ದಾರಿ ತೋರಿಸಿದ್ದು ಒಂದು ಪೋರ್ಚುಗೀಸ್ ಕುಟುಂಬ. ಆ ಮನೆಯ ತಾಯಿಗೂ ಮಗಳಿಗೂ ಕಿಡ್ನಿ ಗುಳ್ಳೆಗಳಿದ್ದವು. ಅವರಿಬ್ಬರ 16ನೇ ವರ್ಣತಂತುವಿನ ತುದಿ ಮುರಿದು 22ನೆಯದರ ತುಣುಕಿನೊಂದಿಗೆ ಅದಲುಬದಲಾಗಿತ್ತು. ಮಗನಲ್ಲಿ ಆ ತುದಿಯೇ ಕಳೆದುಹೋಗಿತ್ತು. ಅವನಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಬೇರೆಯೇ ಕಾಯಿಲೆ ಇತ್ತು. ತಾಯಿ ಮತ್ತು ಮಗಳಲ್ಲಿ ವರ್ಣತಂತು ಮುರಿದ ಜಾಗ ಯಾವ ಜೀನಿನ ಒಳಗೆ ಬಿದ್ದಿದೆಯೋ ಅದೇ ಕಿಡ್ನಿ ಗುಳ್ಳೆಯ ಜೀನ್ ಆಗಿರಬೇಕು ಎಂಬ ಜಾಡು ಹಿಡಿದು, ಪೀಟರ್ ಹ್ಯಾರಿಸ್ ಮತ್ತು ಯುರೋಪಿನ ಇತರ ತಂಡಗಳು ಕೂಡಿ 1994ರಲ್ಲಿ ಪಿಕೆಡಿ1 ಜೀನನ್ನು ಗುರುತಿಸಿದವು. 4ನೇ ವರ್ಣತಂತುವಿನಲ್ಲಿರುವ ಪಿಕೆಡಿ2 ಸಿಕ್ಕಿದ್ದು 1996ರಲ್ಲಿ. ಈ ಕಾಯಿಲೆಯ ಕುಟುಂಬಗಳಲ್ಲಿ ಸುಮಾರು ಮುಕ್ಕಾಲು ಪಾಲು ಪಿಕೆಡಿ1ರವು, ಶೇ 15ರಷ್ಟು ಪಿಕೆಡಿ2ರವು. ಉಳಿದವು ಈಚೆಗೆ ಗೊತ್ತಾದ ಅಪರೂಪದ ಜೀನುಗಳಿಗೆ ಸೇರಿದವು, ಇಲ್ಲವೇ ಎಷ್ಟು ಹುಡುಕಿದರೂ ದೋಷ ಸಿಗದಂಥವು.

1994ರಲ್ಲಿ ಆ ತಂಡಕ್ಕೆ ಓದಲು ಸಾಧ್ಯವಾದದ್ದು ಪಿಕೆಡಿ1ರ ಬಾಲದ ಭಾಗ ಮಾತ್ರ. ಜೀನಿನಲ್ಲಿ ಪ್ರೋಟೀನಿನ ಸೂಚನೆ ಹೊತ್ತ 46 ತುಣುಕುಗಳು, ಅಂದರೆ ಎಕ್ಸಾನ್‌ಗಳಿವೆ. ಅವುಗಳಲ್ಲಿ 1ರಿಂದ 33ರವರೆಗಿನ ಭಾಗದ ನಕಲುಗಳು ಅದೇ 16ನೇ ವರ್ಣತಂತುವಿನಲ್ಲಿ ಇನ್ನೂ ಆರು ಕಡೆ ಬಿದ್ದಿವೆ. ಇವು ಹುಸಿಜೀನುಗಳು. ಅಸಲಿಗೂ ಇವಕ್ಕೂ ಇರುವ ಹೋಲಿಕೆ ಸುಮಾರು ಶೇ 98. ಇಂದಿನ ಯಂತ್ರಗಳು ಡಿಎನ್‌ಎಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಓದುತ್ತವೆ. ಒಂದು ತುಂಡು ಅಸಲಿ ಜೀನಿನದೋ ಹುಸಿಜೀನಿನದೋ ಎಂದು ಯಂತ್ರಕ್ಕೆ ಗೊತ್ತಾಗದೆ ಹೋಗಬಹುದು. ಆಗ ನಿಜವಾದ ದೋಷ ಕಣ್ತಪ್ಪುತ್ತದೆ, ಇಲ್ಲವೇ ಹುಸಿಜೀನಿನ ವ್ಯತ್ಯಾಸವನ್ನೇ ರೋಗಿಯ ದೋಷ ಎಂದು ಬರೆಯುವಂತಾಗುತ್ತದೆ. ಇದು ಮೊದಲನೇ ತೊಡಕು. ಎರಡನೆಯದು, ಈ ಕಾಯಿಲೆಗೆ ಎಲ್ಲರಿಗೂ ಸಮಾನವಾದ ಒಂದು ದೋಷವಿಲ್ಲ. ಹೆಚ್ಚುಕಮ್ಮಿ ಪ್ರತಿ ಕುಟುಂಬಕ್ಕೂ ಅದರದೇ ದೋಷ.

ಈಗ ನಿಮ್ಮ ರಕ್ತವನ್ನೇ ಮೊದಲು ಕಳಿಸಿದಿರಿ ಎನ್ನಿ. ‘ದೋಷ ಕಂಡುಬಂದಿಲ್ಲ’ ಎಂದು ವರದಿ ಬರುತ್ತದೆ. ನಿಮಗೆ ಕಾಯಿಲೆ ಬಂದಿಲ್ಲವೋ, ಬಂದಿದ್ದೂ ಆ ಲ್ಯಾಬಿಗೆ ಸಿಗಲಿಲ್ಲವೋ? ಹೇಳುವ ದಾರಿಯೇ ಇಲ್ಲ. ಕಾಯಿಲೆ ಖಚಿತವಾಗಿರುವ ಅಪ್ಪನಲ್ಲಿ ದೋಷ ಎಲ್ಲಿದೆ ಎಂದು ಒಮ್ಮೆ ಗೊತ್ತಾಗಿಬಿಟ್ಟರೆ ನಿಮ್ಮಲ್ಲೂ ಅಕ್ಕನಲ್ಲೂ ಅದೊಂದೇ ಜಾಗ ನೋಡಿದರೆ ಸಾಕು. ಖರ್ಚೂ ಕಡಿಮೆ, ಉತ್ತರವೂ ಹೌದು ಅಥವಾ ಇಲ್ಲ ಎಂದು ಸ್ಪಷ್ಟವಾಗಿ ಬರುತ್ತದೆ.

ರಕ್ತ ತೆಗೆಸುವಾಗ ಗಮನಿಸಬೇಕಾದ ಸಣ್ಣ ಸಂಗತಿಗಳಿವೆ. ಡಯಾಲಿಸಿಸ್ ದಿನವೇ ತೆಗೆಸುವುದಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುವ ಮುಂಚೆ, ಸೂಜಿ ಹಾಕಿದ ಕೂಡಲೇ ತೆಗೆಯಲು ಹೇಳಿ. ಹೆಪಾರಿನ್ ಬೆರೆತ ರಕ್ತದಲ್ಲಿ ಡಿಎನ್‌ಎ ನಕಲು ಮಾಡುವ ಪಿಸಿಆರ್ ಹಂತವೇ ಕೆಡುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 3ರಿಂದ 5 ಮಿ.ಲೀ. ಸಾಕು. ಈಚೆಗೆ ರಕ್ತ ಹಾಕಿಸಿದ್ದರೆ ಯಾವತ್ತು ಎಂದು ಲ್ಯಾಬಿಗೆ ತಿಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡು ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳಿ: ‘ಪಿಕೆಡಿ1ರ 1ರಿಂದ 33ರವರೆಗಿನ ಎಕ್ಸಾನ್‌ಗಳನ್ನು ಹುಸಿಜೀನಿನಿಂದ ಹೇಗೆ ಬೇರ್ಪಡಿಸುತ್ತೀರಿ?’, ‘ದೊಡ್ಡ ತುಂಡೇ ಕಳೆದುಹೋಗಿದ್ದರೆ ಅದನ್ನು ನೋಡುತ್ತೀರಾ?’ ಮೊದಲನೆಯದಕ್ಕೆ ಲಾಂಗ್-ರೇಂಜ್ ಪಿಸಿಆರ್, ಎರಡನೆಯದಕ್ಕೆ ಎಂಎಲ್‌ಪಿಎ ಅಥವಾ ಅದಕ್ಕೆ ಸಮನಾದ ವಿಧಾನ ಎಂಬ ಉತ್ತರ ಬರಬೇಕು. ‘ಎಲ್ಲ ಜೀನುಗಳನ್ನೂ ನೋಡುತ್ತೇವೆ’ ಎಂದಷ್ಟೇ ಹೇಳುವ ಪ್ಯಾಕೇಜಿನ ಕಡೆ ಹೋಗಬೇಡಿ.

ವರದಿ ಬಂದಾಗ ಅದರಲ್ಲಿ ಒಂದು ಸಾಲನ್ನು ಹುಡುಕಿ. ಉದಾಹರಣೆಗೆ, ಬೇರೆ ಬೇರೆ ದೇಶಗಳ ಕುಟುಂಬಗಳಲ್ಲಿ ಮತ್ತೆ ಮತ್ತೆ ಕಂಡಿರುವ ಕೆಲವೇ ದೋಷಗಳಲ್ಲಿ ಒಂದು ‘ಪಿಕೆಡಿ1, ಸಿ.5014_5015ಡೆಲ್‌ಎಜಿ’. ಜೀನಿನ 5014 ಮತ್ತು 5015ನೇ ಅಕ್ಷರಗಳು ಬಿಟ್ಟುಹೋಗಿವೆ ಎಂದು ಇದರ ಅರ್ಥ. ಮೂರು ಮೂರು ಅಕ್ಷರಗಳಾಗಿ ಓದಬೇಕಾದ ಸಾಲಿನಲ್ಲಿ ಎರಡು ಹೋದರೆ ಮುಂದಿನದೆಲ್ಲ ಪಲ್ಲಟವಾಗುತ್ತದೆ. 4,300ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಪಾಲಿಸಿಸ್ಟಿನ್-1 ಪ್ರೋಟೀನು ಅರ್ಧದಲ್ಲೇ ಮೊಟಕಾಗುತ್ತದೆ. ಸಾಲಿನಲ್ಲಿ ‘ಎಫ್‌ಎಸ್’ ಎಂದೋ ನಕ್ಷತ್ರ ಚಿಹ್ನೆಯೋ ಇದ್ದರೆ ಅದು ಇಂಥ ಮೊಟಕು ಮಾಡುವ ದೋಷ. ಫ್ರಾನ್ಸಿನ ದೊಡ್ಡ ಕುಟುಂಬ ಅಧ್ಯಯನವೊಂದರ ಪ್ರಕಾರ, ಪಿಕೆಡಿ1 ಮೊಟಕಾಗಿರುವವರಲ್ಲಿ ಅರ್ಧದಷ್ಟು ಜನ 55ರ ಸುಮಾರಿಗೆ ಡಯಾಲಿಸಿಸ್ ಇಲ್ಲವೇ ಕಸಿಯ ಹಂತ ತಲುಪುತ್ತಾರೆ. ಮೊಟಕು ಮಾಡದ ಪಿಕೆಡಿ1 ದೋಷದಲ್ಲಿ ಆ ವಯಸ್ಸು 67, ಪಿಕೆಡಿ2ರಲ್ಲಿ 79. ನಿಮ್ಮ ಅಪ್ಪನಿಗೆ 54 ಎಂಬುದನ್ನು ನೋಡಿದರೆ ಮೊದಲನೇ ಗುಂಪೇ ಇರಬಹುದು ಎನ್ನಿಸುತ್ತದೆ. ವರದಿಯಲ್ಲಿ ‘ಅರ್ಥ ಖಚಿತವಿಲ್ಲದ ವ್ಯತ್ಯಾಸ’, ಅಂದರೆ ವಿಯುಎಸ್, ಎಂದಿದ್ದರೆ ಅದನ್ನು ಹಿಡಿದು ಯಾವ ತೀರ್ಮಾನಕ್ಕೂ ಬರಬೇಡಿ. ಮದುವೆಯನ್ನೂ ಮುರಿಯಬೇಡಿ, ಕಿಡ್ನಿಯನ್ನೂ ಕೊಡಬೇಡಿ.

ನಿಮ್ಮ ಮಟ್ಟಿಗೆ ಜೀನ್ ಪರೀಕ್ಷೆಗಿಂತ ಮೊದಲು ಆಗಬೇಕಾದದ್ದು ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಬಿ.ಪಿ. ಮನೆಯಲ್ಲಿ ಕಾಯಿಲೆ ಇರುವವರಿಗೆ ಲೆಕ್ಕ ಹೀಗಿದೆ: 15ರಿಂದ 39 ವರ್ಷದವರಲ್ಲಿ ಎರಡೂ ಕಿಡ್ನಿ ಸೇರಿ ಮೂರು ಗುಳ್ಳೆ ಕಂಡರೆ ಕಾಯಿಲೆ ಇದೆ. 40ರಿಂದ 59ರವರಲ್ಲಿ ಒಂದೊಂದು ಕಿಡ್ನಿಯಲ್ಲೂ ಕನಿಷ್ಠ ಎರಡು, 60 ದಾಟಿದವರಲ್ಲಿ ಒಂದೊಂದರಲ್ಲೂ ಕನಿಷ್ಠ ನಾಲ್ಕು ಇರಬೇಕು. ವಯಸ್ಸಾದಂತೆ ಕಾಯಿಲೆ ಇಲ್ಲದವರಲ್ಲೂ ಒಂದೆರಡು ಗುಳ್ಳೆ ಬರುವುದರಿಂದ ಅಳತೆ ಬಿಗಿಯಾಗುತ್ತದೆ. 27ರಲ್ಲಿ ಸ್ಕ್ಯಾನ್ ಸ್ವಚ್ಛವಾಗಿ ಬಂದರೆ ಒಳ್ಳೆಯ ಸೂಚನೆಯೇ, ಆದರೆ ಕೊನೆಯ ಮಾತಲ್ಲ. ಸಣ್ಣ ಗುಳ್ಳೆಗಳನ್ನು ಅಲ್ಟ್ರಾಸೌಂಡಿಗಿಂತ ಎಂಆರ್‌ಐ ಚೆನ್ನಾಗಿ ಹಿಡಿಯುತ್ತದೆ.

ಇನ್ನು ಔಷಧಿಯ ಮಾತು. ಜೀನ್ ಸಿಕ್ಕಿದ ಮೇಲೂ ಅದರ ಕೆಲಸ ಏನು ಎನ್ನುವುದು ವರ್ಷಗಟ್ಟಲೆ ಗೊತ್ತಿರಲಿಲ್ಲ. 1999ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ, ಮರುವರ್ಷ ಇಲಿಯಲ್ಲಿ ನಡೆದ ಕೆಲಸದಿಂದ ಸುಳಿವು ಸಿಕ್ಕಿತು. ಕಿಡ್ನಿಯ ನಾಳದ ಒಳಗೋಡೆಯ ಜೀವಕೋಶದ ಮೇಲೆ ಒಂದೇ ಒಂದು ಸೂಕ್ಷ್ಮ ಕೂದಲು ನಿಂತಿರುತ್ತದೆ, ಸಿಲಿಯಂ. ಪಾಲಿಸಿಸ್ಟಿನ್‌ಗಳು ಇರುವುದು ಅದರ ಮೇಲೆ. ಅವು ಕೈಕೊಟ್ಟರೆ ಜೀವಕೋಶ ‘ಬೆಳೆದದ್ದು ಸಾಕು’ ಎಂಬ ಸೂಚನೆ ಕಳೆದುಕೊಂಡು ಒಂದು ಎರಡಾಗಿ ಹೆಚ್ಚುತ್ತ, ಒಳಕ್ಕೆ ನೀರು ಸುರಿಯುತ್ತ ಗುಳ್ಳೆಯಾಗುತ್ತದೆ. ಹಾಗಾದರೆ ಕೆಟ್ಟ ಜೀನ್ ಕಿಡ್ನಿಯ ಪ್ರತಿ ಜೀವಕೋಶದಲ್ಲೂ ಇರುವಾಗ ಗುಳ್ಳೆಗಳು ಅಲ್ಲಲ್ಲಿ ಮಾತ್ರ ಏಳುವುದೇಕೆ? ಇದಕ್ಕೆ 1996ರಲ್ಲಿ ಗ್ರೆಗರಿ ಜರ್ಮಿನೊ ಅವರ ತಂಡ ಉತ್ತರ ಕೊಟ್ಟಿತು. ಹುಟ್ಟಿನಿಂದ ಬಂದ ಒಂದು ಪೆಟ್ಟಿನ ಮೇಲೆ, ಆ ಜೀವಕೋಶದ ಒಳ್ಳೆಯ ಪ್ರತಿಗೂ ಬದುಕಿನಲ್ಲಿ ಎಂದೋ ಪೆಟ್ಟು ಬಿದ್ದಾಗ ಅದೊಂದೇ ಜೀವಕೋಶ ಬೆಳೆದು ಗುಳ್ಳೆಯಾಗುತ್ತದೆ. ಒಂದು ಕಿಡ್ನಿಯಲ್ಲಿ ರಕ್ತ ಸೋಸುವ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ಅಷ್ಟು ಕಡೆ ಹೊಸ ಜೀನನ್ನು ತಲುಪಿಸುವುದು, ಅದೂ ಸಾವಿರಾರು ಅಕ್ಷರಗಳ ಪಿಕೆಡಿ1ನಂಥ ದೊಡ್ಡ ಜೀನನ್ನು, ಇನ್ನೂ ಕೈಗೂಡಿಲ್ಲ. ‘ಜೀನ್ ಗೊತ್ತಿದೆಯಲ್ಲ, ಸರಿಮಾಡಬಾರದೆ’ ಎಂಬ ಪ್ರಶ್ನೆ ತೊಡರಿಕೊಳ್ಳುವುದು ಇಲ್ಲೇ.

ದಾರಿ ಇನ್ನೊಂದು ಕಡೆಯಿಂದ ತೆರೆಯಿತು. ಗುಳ್ಳೆಗೆ ನೀರು ತುಂಬಲು ಜೀವಕೋಶದೊಳಗೆ ಸೂಚನೆ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕ ಬೇಕು. ಅದನ್ನು ಏರಿಸುವುದು ಮೆದುಳು ಬಿಡುವ ವಾಸೊಪ್ರೆಸಿನ್ ಹಾರ್ಮೋನು. ಅದು ಬಂದು ಕೂರುವ ಜಾಗವನ್ನೇ ಮುಚ್ಚಿಬಿಟ್ಟರೆ ಇಲಿಗಳಲ್ಲಿ ಗುಳ್ಳೆ ಕಡಿಮೆಯಾಗುತ್ತದೆ ಎಂದು 2003ರಲ್ಲಿ ಗೊತ್ತಾಯಿತು. ಆಮೇಲೆ ಮಾಯೊ ಕ್ಲಿನಿಕ್ಕಿನ ವಿಸೆಂಟ್ ಟೊರೆಸ್ ನೇತೃತ್ವದಲ್ಲಿ 1,445 ರೋಗಿಗಳ ಮೇಲೆ ಟಾಲ್ವಾಪ್ಟಾನ್ ಮಾತ್ರೆಯ ಪ್ರಯೋಗ ನಡೆದು 2012ರಲ್ಲಿ ಫಲಿತಾಂಶ ಬಂತು. ಕಿಡ್ನಿಯ ಗಾತ್ರ ವರ್ಷಕ್ಕೆ ಶೇ 5.5ರಷ್ಟು ಬೆಳೆಯುತ್ತಿದ್ದದ್ದು ಮಾತ್ರೆ ತೆಗೆದುಕೊಂಡವರಲ್ಲಿ ಶೇ 2.8ಕ್ಕೆ ಇಳಿಯಿತು. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಕಾಯಿಲೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಬಾಯಾರಿಕೆ ವಿಪರೀತ, ರಾತ್ರಿಯೆಲ್ಲ ಮೂತ್ರಕ್ಕೆ ಏಳಬೇಕು. ಕೆಲವರಿಗೆ ಲಿವರ್ ಪೆಟ್ಟು ತಿನ್ನುವುದರಿಂದ ಶುರು ಮಾಡಿ 2 ಮತ್ತು 4 ವಾರಕ್ಕೆ, ಆಮೇಲೆ 18 ತಿಂಗಳವರೆಗೆ ಪ್ರತಿ ತಿಂಗಳು, ನಂತರ ಮೂರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಬೇಕು. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ 15 ಮತ್ತು 30 ಮಿ.ಗ್ರಾಂ. ಮಾತ್ರೆಗಳನ್ನು ಹೆಚ್ಚಾಗಿ ಬರೆಯುವುದು ರಕ್ತದಲ್ಲಿ ಸೋಡಿಯಂ ಇಳಿದವರಿಗೆ. ಕಿಡ್ನಿ ಗುಳ್ಳೆಗೆ ಶುರು ಮಾಡುವುದೇ ಬೆಳಗ್ಗೆ 45, ಎಂಟು ಗಂಟೆ ಬಿಟ್ಟು 15 ಎಂಬ ಪ್ರಮಾಣದಿಂದ. ಸ್ವಂತ ಬುದ್ಧಿಯಿಂದ ತಂದು ನುಂಗುವ ಮಾತ್ರೆ ಇದಲ್ಲ. ಡಯಾಲಿಸಿಸ್ ಮುಟ್ಟಿರುವ ನಿಮ್ಮ ಅಪ್ಪನಿಗೆ ಇದರಿಂದ ಪ್ರಯೋಜನವಿಲ್ಲ.

ನಿಮಗೆ ಕಾಯಿಲೆ ಬಂದಿದೆ ಎಂದೇ ಇಟ್ಟುಕೊಳ್ಳೋಣ. ಆಗ ಈ ಮಾತ್ರೆ ಬೇಕೋ ಬೇಡವೋ ಎನ್ನುವುದು ಕಿಡ್ನಿಯ ಕೆಲಸ ಅಳೆಯುವ ರಕ್ತದ ಕ್ರಿಯಾಟಿನಿನ್ ನೋಡಿ ಗೊತ್ತಾಗುವುದಿಲ್ಲ. ಗುಳ್ಳೆಗಳು ಕಿಡ್ನಿಯನ್ನು ತಿನ್ನುತ್ತಿರುವಾಗ ಉಳಿದ ನೆಫ್ರಾನ್‌ಗಳು ಕೆಲಸ ಹೊತ್ತುಕೊಳ್ಳುವುದರಿಂದ ಅದು ವರ್ಷಗಟ್ಟಲೆ ಸರಿಯಾಗಿಯೇ ಇರುತ್ತದೆ. ನೋಡಬೇಕಾದದ್ದು ಎಂಆರ್‌ಐನಲ್ಲಿ ಕಿಡ್ನಿಯ ಗಾತ್ರ. ಲೆಕ್ಕ ಕಷ್ಟದ್ದಲ್ಲ. ಉದ್ದ, ಅಗಲ, ದಪ್ಪ ಗುಣಿಸಿ, ಬಂದದ್ದನ್ನು 0.524ರಿಂದ ಗುಣಿಸಬೇಕು. ಒಂದು ಕಿಡ್ನಿ 15, 7, 7 ಸೆಂ.ಮೀ. ಇದ್ದರೆ ಸುಮಾರು 385 ಮಿ.ಲೀ.; ಎರಡೂ ಅಷ್ಟೇ ಇದ್ದರೆ 770. ಎತ್ತರ 1.7 ಮೀಟರ್ ಎಂದಾದರೆ ಭಾಗಿಸಿದಾಗ ಮೀಟರಿಗೆ ಸುಮಾರು 453. 27ನೇ ವಯಸ್ಸಿಗೆ ಇದು, ವಯಸ್ಸಿಗೆ ತಕ್ಕಂತೆ ಕಿಡ್ನಿ ಗಾತ್ರ ನೋಡಿ 1ಎಯಿಂದ 1ಇವರೆಗೆ ವಿಂಗಡಿಸುವ ಮಾಯೊ ವರ್ಗೀಕರಣದ, 1ಸಿ ಗುಂಪು, ವರ್ಷಕ್ಕೆ ಶೇ 4ರ ಆಸುಪಾಸಿನ ಬೆಳವಣಿಗೆ. 1ಸಿ, 1ಡಿ, 1ಇ ಗುಂಪಿನವರು ಬೇಗ ಹದಗೆಡುವವರು, ಟಾಲ್ವಾಪ್ಟಾನ್ ಮಾತು ಬರುವುದು ಇವರಿಗೆ. 1ಎ, 1ಬಿ ಗುಂಪಿನವರಿಗೆ ಸಾಮಾನ್ಯವಾಗಿ ಬಿ.ಪಿ. ಹತೋಟಿಯೇ ಚಿಕಿತ್ಸೆ.

ಬಿ.ಪಿ.ಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕಾಯಿಲೆಯಲ್ಲಿ ಕಿಡ್ನಿ ಕೆಡುವ ಎಷ್ಟೋ ಮುಂಚೆ, ಇಪ್ಪತ್ತು-ಮೂವತ್ತರಲ್ಲೇ ಬಿ.ಪಿ. ಏರುತ್ತದೆ. ಕಿಡ್ನಿ ಚೆನ್ನಾಗಿರುವ 15ರಿಂದ 49 ವರ್ಷದವರಲ್ಲಿ ಅದನ್ನು 110/75ರ ಒಳಗೆ ಇಟ್ಟರೆ ಗಾತ್ರದ ಬೆಳವಣಿಗೆ ನಿಧಾನವಾಗುತ್ತದೆ ಎಂದು 2014ರ ಪ್ರಯೋಗ ತೋರಿಸಿತು. ತಲೆಸುತ್ತು ಬಾರದೆ ತಡೆದುಕೊಳ್ಳುವವರಿಗೆ ಮಾತ್ರ ಇಷ್ಟು ಬಿಗಿ. ಉಪ್ಪು ಒಟ್ಟು ದಿನಕ್ಕೆ 5 ಗ್ರಾಂ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚ; ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯೂ ಈ ಲೆಕ್ಕದೊಳಗೇ. ಬೆನ್ನು ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಆಗಲಿ. ‘ದಿನಾ ನಾಲ್ಕು ಲೀಟರ್ ನೀರು ಕುಡಿದರೆ ಗುಳ್ಳೆ ಕರಗುತ್ತದೆ’ ಎಂಬುದನ್ನು ನಂಬಬೇಡಿ. ಹೆಚ್ಚು ನೀರು ಕುಡಿಸಿ ಆಸ್ಟ್ರೇಲಿಯಾದಲ್ಲಿ 184 ಜನರನ್ನು ಮೂರು ವರ್ಷ ನೋಡಿದರು, ಗಾತ್ರದಲ್ಲಿ ವ್ಯತ್ಯಾಸವಾಗಲಿಲ್ಲ. ಕಲ್ಲು ಆಗದಂತೆ ಬಾಯಾರಿಕೆ ತೀರುವಷ್ಟು ಧಾರಾಳವಾಗಿ ಕುಡಿದರೆ ಸರಿ. ಈ ಮಾತು ನಿಮಗೆ. ಡಯಾಲಿಸಿಸ್‌ನಲ್ಲಿರುವ ಅಪ್ಪನ ನೀರಿನ ಅಳತೆ ಬೇರೆ. ಅವರಿಗೆ ಕಮರಾಕ್ಷಿ ಹಣ್ಣನ್ನಂತೂ ಮುಟ್ಟಿಸಬೇಡಿ, ಕರಾವಳಿಯಲ್ಲಿ ದಾರೆಹುಳಿ ಎನ್ನುತ್ತಾರಲ್ಲ, ಅದೇ. ಕಿಡ್ನಿ ನಿಂತವರಲ್ಲಿ ಅದರ ವಿಷ ಮೆದುಳಿಗೆ ಏರಿ ಜೀವಕ್ಕೇ ಅಪಾಯ.

ಮನೆಯಲ್ಲಿ ಯಾರಾದರೂ ಮೆದುಳಿನ ರಕ್ತಸ್ರಾವದಿಂದ ಹಠಾತ್ತನೆ ಹೋಗಿದ್ದಾರೆಯೇ ಎಂದು ಹಿರಿಯರನ್ನು ವಿಚಾರಿಸಿ. ಈ ಕಾಯಿಲೆಯವರಲ್ಲಿ ಮೆದುಳಿನ ರಕ್ತನಾಳ ಉಬ್ಬುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಮನೆಯಲ್ಲಿ ಹಾಗೆ ಆಗಿದ್ದರೆ ಸಾಧ್ಯತೆ ಇನ್ನೂ ಹೆಚ್ಚು. ಅಂಥ ಇತಿಹಾಸವಿದ್ದರೆ ಕಾಯಿಲೆ ಇರುವವರು ಒಮ್ಮೆ ಎಂಆರ್ ಆಂಜಿಯೊ, ಅಂದರೆ ಮೆದುಳಿನ ರಕ್ತನಾಳಗಳ ಸ್ಕ್ಯಾನ್, ಮಾಡಿಸಬೇಕು.

ಮದುವೆಯ ಮಾತಿಗೆ ಬರೋಣ. ಸೋದರಮಾವನ ಮಗಳಾಗಿದ್ದರೆ ಈ ಕಾಯಿಲೆಯ ಮಟ್ಟಿಗೆ ಹೆಚ್ಚು ಯೋಚಿಸಬೇಕಿರಲಿಲ್ಲ. ಅದು ಅಮ್ಮನ ಕಡೆ, ಕಾಯಿಲೆ ಅಪ್ಪನ ಕಡೆಯದು. ಸೋದರತ್ತೆ ಎಂದಿದ್ದೀರಿ. ಅಜ್ಜಿಗೆ ಕಾಯಿಲೆ ಇತ್ತು, ಅಂದ ಮೇಲೆ ಅತ್ತೆಗೆ ಬಂದಿರುವ ಸಾಧ್ಯತೆ ಅರ್ಧ, ಅವರ ಮಗಳಿಗೆ ಕಾಲು. ನಿಮ್ಮಿಬ್ಬರಲ್ಲೂ ಇದ್ದರೆ ಪ್ರತಿ ಗರ್ಭಕ್ಕೆ ಕಾಲು ಭಾಗ ಸಾಧ್ಯತೆಯಲ್ಲಿ ಎರಡೂ ಪ್ರತಿ ಕೆಟ್ಟದ್ದೇ ಬರುತ್ತವೆ. ಮೊಟಕು ಮಾಡುವ ದೋಷವಾದರೆ ಅಂಥ ಗರ್ಭ ನಿಲ್ಲುವುದಿಲ್ಲ. ಹುಟ್ಟುವ ಮಕ್ಕಳಲ್ಲಿ ಮೂರರಲ್ಲಿ ಇಬ್ಬರಿಗೆ ಕಾಯಿಲೆ ಬರುತ್ತದೆ. ಇಷ್ಟೆಲ್ಲ ಕಳವಳವನ್ನು ಒಂದು ಮಾಮೂಲಿ ಅಲ್ಟ್ರಾಸೌಂಡ್ ಕಳೆಯಬಲ್ಲದು, ಹುಡುಗಿಯದ್ದಲ್ಲ, ಅತ್ತೆಯದ್ದು. ಅವರಿಗೆ 40 ದಾಟಿದ್ದು ಎರಡೂ ಕಿಡ್ನಿ ಸೇರಿ ಎರಡಕ್ಕಿಂತ ಕಡಿಮೆ ಗುಳ್ಳೆ ಇದ್ದರೆ ಅವರಿಗೆ ಕಾಯಿಲೆ ಬಂದಿಲ್ಲ, ಹಾಗಾಗಿ ಅವರಿಂದ ಮಗಳಿಗೂ ಹೋಗಿಲ್ಲ. ಸಂಬಂಧದೊಳಗಿನ ಮದುವೆಯಲ್ಲಿ ಬೇರೆ ಅಪಾಯಗಳಿವೆ. ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಶಿಶುಗಳ ಪಾಲಿಸಿಸ್ಟಿಕ್ ಕಾಯಿಲೆ, ಮಕ್ಕಳ ಕಿಡ್ನಿ ಕೆಡಿಸುವ ನೆಫ್ರೊನೊಫ್ಥಿಸಿಸ್ ಮುಂತಾದವು ಆ ಪಟ್ಟಿಯಲ್ಲಿವೆ. ಅವಕ್ಕೂ ನಿಮ್ಮ ಅಪ್ಪನ ಕಾಯಿಲೆಗೂ ಸಂಬಂಧವಿಲ್ಲ.

ನಿಮಗೆ ದೋಷ ಇದೆ ಎಂದಾದರೂ ಮಕ್ಕಳಿಗೆ ದಾಟದಂತೆ ತಡೆಯುವ ದಾರಿಯಿದೆ. ಐವಿಎಫ್‌ನಲ್ಲಿ ಭ್ರೂಣ ಪರೀಕ್ಷಿಸಿ ದೋಷವಿಲ್ಲದ್ದನ್ನು ಗರ್ಭಕ್ಕೆ ಇಡಬಹುದು. ಆನುವಂಶಿಕ ಕಾಯಿಲೆಗಾಗಿ, ನೋಂದಾಯಿತ ಕೇಂದ್ರದಲ್ಲಿ, ನಮ್ಮ ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆ. ಇದಕ್ಕೂ ಮೊದಲು ಬೇಕಾದದ್ದು ಅಪ್ಪನ ವರದಿಯ ಆ ಒಂದು ಸಾಲು. ಮದುವೆಗೆ ಮುಂಚೆ ಹುಡುಗಿಗೆ ನೀವೇ ಕೂತು ಹೇಳಿ, ಹಿರಿಯರ ಬಾಯಿಂದ ತಿಳಿಯುವಂತಾಗಬಾರದು.

ಕೊನೆಗೆ ಅಕ್ಕ. ಕಸಿಯಾದ ಕಿಡ್ನಿಯಲ್ಲಿ ಈ ಗುಳ್ಳೆಗಳು ಮತ್ತೆ ಬರುವುದಿಲ್ಲ, ಏಕೆಂದರೆ ಅದರ ಜೀನ್ ಕೊಟ್ಟವರದು. ಹಾಗಾಗಿ ಅಪ್ಪನಿಗೆ ಕಸಿ ಒಳ್ಳೆಯ ದಾರಿ. ಆದರೆ 31ರಲ್ಲಿ ಅಕ್ಕನ ಅಲ್ಟ್ರಾಸೌಂಡ್ ಸ್ವಚ್ಛವಾಗಿದೆ ಎಂದಷ್ಟಕ್ಕೇ ಅವಳ ಕಿಡ್ನಿ ತೆಗೆಯುವುದು ತಪ್ಪು. ಅಪ್ಪನ ದೋಷ ಅವಳಲ್ಲಿಲ್ಲ ಎಂದು ಜೀನ್ ಪರೀಕ್ಷೆ ಹೇಳಬೇಕು. ಅಪ್ಪನಲ್ಲಿ ದೋಷವೇ ಸಿಗದಿದ್ದರೆ ಎಂಆರ್‌ಐನಲ್ಲಿ ಎರಡೂ ಕಿಡ್ನಿ ಸೇರಿ ಐದಕ್ಕಿಂತ ಕಡಿಮೆ ಗುಳ್ಳೆ ಇರಬೇಕು. ಅವಳಿಗೆ ಇನ್ನೊಂದು ಮಗು ಬೇಕಿದ್ದರೆ ಇದೂ ತಿಳಿದಿರಲಿ: ಕಿಡ್ನಿ ಕೊಟ್ಟ ಹೆಂಗಸರ ಮುಂದಿನ ಬಸಿರಿನಲ್ಲಿ ಬಿ.ಪಿ. ತೊಂದರೆ ಶೇ 11, ಕೊಡದವರಲ್ಲಿ ಶೇ 5 ಎಂದು ಕೆನಡಾದ ಅಧ್ಯಯನವೊಂದು ಕಂಡಿದೆ. ಅವಳಿಗಿಂತ ಮೊದಲು ಅಮ್ಮನ ತಪಾಸಣೆ ಆಗಲಿ. ಹೆಂಡತಿಯೂ ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿಯೇ; ರಕ್ತಸಂಬಂಧ ಇಲ್ಲದ್ದರಿಂದ ಈ ಜೀನಿನ ಭಯವೂ ಇಲ್ಲ. ಅದರ ಜೊತೆಗೇ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಆಸ್ಪತ್ರೆಯ ಮೂಲಕ ಅಪ್ಪನ ಹೆಸರು ಬರೆಸಿ. ಸರದಿ ಉದ್ದವಿರುತ್ತದೆ, ಬೇಗ ಬರೆಸಿದಷ್ಟೂ ಒಳ್ಳೆಯದು.

ಅಕ್ಕನ ಜೊತೆ ಕಸಿ ತಂಡದವರು ಒಮ್ಮೆಯಾದರೂ ಒಬ್ಬಳನ್ನೇ ಕೂರಿಸಿಕೊಂಡು ಮಾತನಾಡಬೇಕು, ನೀವಾಗಲಿ ಅಪ್ಪನಾಗಲಿ ಅವಳ ಗಂಡನಾಗಲಿ ಅಲ್ಲಿರಬಾರದು. ಅವಳು ಬೇಡ ಎಂದರೆ ವೈದ್ಯರು ಮನೆಯವರಿಗೆ ‘ವೈದ್ಯಕೀಯವಾಗಿ ಹೊಂದುವುದಿಲ್ಲ’ ಎಂದಷ್ಟೇ ತಿಳಿಸಬಹುದು. ತನ್ನ ಜೀನ್ ಫಲಿತಾಂಶ ಬೇಕೋ ಬೇಡವೋ ಎನ್ನುವುದನ್ನೂ ಅವಳೇ ನಿರ್ಧರಿಸಲಿ. ನಿಮ್ಮ ಫಲಿತಾಂಶದ ವಿಷಯದಲ್ಲೂ ಹಾಗೆಯೇ.